ಅಮ್ಮನ ಸಿಹಿ ಮಾತ್ರೆ

ಸೋಮವಾರ, ಫೆಬ್ರವರಿ ೯
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಪಾಪಚ್ಚಿ,

ಅಕ್ಕನ ಆಶೀರ್ವಾದಗಳು. ನಾನು ಕ್ಷೇಮ ಎಂದು ಬರೆದರೆ ನೀನು ಕಾಗದವನ್ನು ಅಲ್ಲಿಗೇ ಮಡಿಸಿಟ್ಟು ಬೈಯಲು ಶುರು ಮಾಡುತ್ತೀಯ ಎಂದು ಗೊತ್ತು. ಆದರೂ ಬರೆಯುತ್ತೇನೆ, ನಾನು ಕ್ಷೇಮ. ಕಾಯಿಲೆ ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದ್ದೇನೆ. ಮಾತು ಬಿಟ್ಟ ಓರಗಿತ್ತಿಯರು ಒಂದೇ ಮನೆಯಲ್ಲಿ ಇರುತ್ತಾರಲ್ಲ, ಹಾಗೆ ಹೇಗೋ ಹೊಂದಿಕೊಂಡು ಹೋಗುತ್ತಿದ್ದೇವೆ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ಕೈಗೇನೂ ಆಗಿಲ್ಲ, ನೋಡು, ಅಕ್ಷರ ಎಷ್ಟು ನೆಟ್ಟಗಿದೆ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಬಿಸಿಲು, ಸೆಕೆ, ನಲ್ಲಿಯಲ್ಲಿ ನೀರಿಲ್ಲ ಎಂದು ಒಂದು ಪುಟ ತುಂಬಿಸಿ ಹರಿದು ಹಾಕಿದೆ. ನಿನ್ನ ಕಾಗದದ ಒಂದು ಮಾತಿಗೆ ಉತ್ತರ ಕೊಡಬೇಕಿತ್ತು, ಧೈರ್ಯ ಸಾಲಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನನಗೆ ಬಾಯಿ ತೆರೆಯಲು ಬಿಡಬೇಕಲ್ಲ. ಅದಕ್ಕೇ ಕಾಗದ. ಇದಕ್ಕೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಮೇಷ್ಟ್ರ ಕಣ್ಣು ಹೇಗಿದೆ? ಆಪರೇಷನ್ ಆದ ಮೇಲೆ ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದಿದ್ದಾರಂತೆ. ಅದಕ್ಕೆ ಮುಂಚೆ ನಿನ್ನ ಗಂಡ ಯಾವ ಭಾರ ಎತ್ತುತ್ತಿದ್ದರು ಎಂದು ನಾನು ಕೇಳಿದೆನೆಂದು ಹೇಳು. ಐವತ್ತೇಳು ವರ್ಷದ ಹೆಂಡತಿಯನ್ನು ಅಕ್ಕ ಇನ್ನೂ ಪಾಪಚ್ಚಿ ಎನ್ನುತ್ತಾಳೆಂದು ನಗುತ್ತಾರಲ್ಲ, ನಗಲಿ. ನೀನು ಎಂಬತ್ತು ದಾಟಿದರೂ ಅದೇ ಹೆಸರು. ಕರೆಯಲು ನಾನಿರುವುದಿಲ್ಲ ಅಷ್ಟೆ. ಅವರನ್ನು ಬಿಟ್ಟು ಓಡಿ ಬರಬೇಡ ಎಂದು ನಾನೇ ಹೇಳಿದ್ದು, ಈಗಲೂ ಹೇಳುತ್ತೇನೆ. ಅವರ ಕಣ್ಣಿನ ಪಟ್ಟಿ ಬಿಚ್ಚಲಿ, ಆಮೇಲೆ ನೋಡೋಣ.

ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡಿದ್ದೇನೆ. ಕೆಳಗೆ ಇಸ್ತ್ರಿ ಅಂಗಡಿ, ರಸ್ತೆಯಾಚೆ ಕ್ಷೌರದಂಗಡಿ. ಕ್ಷೌರದವನಿಗೂ ನನಗೂ ಒಂದು ಒಪ್ಪಂದವಾಗಿದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವನು ನನ್ನ ಕಿಟಕಿಯ ಕಡೆಗೆ ಟವೆಲ್ ಬೀಸುತ್ತಾನೆ, ನಾನು ಕೈ ಎತ್ತಬೇಕು. ಎತ್ತದಿದ್ದರೆ ಅವನು ಮೇಲೆ ಬಂದು ನೋಡಬೇಕು. ಹೋದ ಗುರುವಾರ ನನಗೆ ಸ್ವಲ್ಪ ಜೋಂಪು ಹತ್ತಿತ್ತು. ಕಣ್ಣು ಬಿಟ್ಟರೆ ಮಂಚದ ಹತ್ತಿರ ಕತ್ತರಿ ಹಿಡಿದುಕೊಂಡು ಇವನು, ಇವನ ಹಿಂದೆ ಅರ್ಧ ಮುಖಕ್ಕೆ ಸೋಪು ಬಳಿದುಕೊಂಡ ಒಬ್ಬ ಗಿರಾಕಿ. ಮೂವರೂ ಒಬ್ಬರನ್ನೊಬ್ಬರು ನೋಡಿ ಬೆಚ್ಚಿಬಿದ್ದೆವು. ಆ ಗಿರಾಕಿ ಪಾಪ ಸಭ್ಯ ಮನುಷ್ಯ, ಸೋಪಿನ ಮುಖದಲ್ಲೇ ಆರೋಗ್ಯ ವಿಚಾರಿಸಿಕೊಂಡು ಹೋದ. ಆಮೇಲೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ನಗುವಾಗ ನೋವಾಗುತ್ತದೆ, ಆದರೂ ಬಿಡಲಾಗುವುದಿಲ್ಲ.

ಡಾಕ್ಟರಮ್ಮ ಏನು ಹೇಳಿದರು ಎಂದು ಕೇಳಿದ್ದೀಯ. ಚಿಕ್ಕ ವಯಸ್ಸು, ಆದರೆ ಸುಳ್ಳು ಸಮಾಧಾನ ಹೇಳುವವಳಲ್ಲ. ವರದಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಎಲ್ಲಿಂದ ಶುರು ಮಾಡಲಿ ಎಂದು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಮೂವತ್ತೈದು ವರ್ಷ ಔಷಧಿ ಅಂಗಡಿಯಲ್ಲಿ ಕಾಂಪೌಂಡರ್ ಆಗಿದ್ದವಳು ನಾನು, ಡಬ್ಬಿ ತಿರುಗಿಸಿ ಎಕ್ಸ್‌ಪೈರಿ ಡೇಟ್ ಓದಿಬಿಡಿ ಎಂದೆ. ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಆಮೇಲೆ ಹೇಳಿದಳು. ಗಡ್ಡೆ ಲಿವರಿಗೂ ಹಬ್ಬಿದೆ, ಕೊಯ್ದು ತೆಗೆಯುವ ಕಾಲ ದಾಟಿದೆ, ಈ ಬೇಸಿಗೆ ಕಳೆಯಬಹುದು, ಅದರ ಮುಂದಿನದು ತನಗೆ ಗೊತ್ತಿಲ್ಲ.

ಹೊರಗೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಹೆದರಿಕೆ ಬರುತ್ತದೆ, ಬರಲಿ ಎಂದು ಕಾಯುತ್ತ ಕೂತೆ ಪಾಪಚ್ಚಿ. ಬರಲಿಲ್ಲ. ಐದೈದಾಗಿ ದೇವರ ಹೆಸರು ಹೇಳಿಕೊಂಡೆ, ಬಸ್ಸು ಬಂತು, ಹತ್ತಿ ಮನೆಗೆ ಬಂದೆ.

ನನ್ನ ಐದೈದರ ಜಪ ನೋಡಿ ನೀನು ಗೇಲಿ ಮಾಡುತ್ತಿದ್ದೆಯಲ್ಲ. ಏನು ಮಾಡಲಿ, ಕೈಗೆ ಹತ್ತಿದ ಅಭ್ಯಾಸ. ಅಂಗಡಿಯಲ್ಲಿ ಮಾತ್ರೆಗಳನ್ನು ತಟ್ಟೆಗೆ ಸುರಿದುಕೊಂಡು, ಚಪ್ಪಟೆ ಅಲಗಿನಿಂದ ಐದೈದಾಗಿ ಸರಿಸಿ ಎಣಿಸಿಯೇ ಜೀವಮಾನ ಕಳೆಯಿತು. ಬೇರೆಯವರು ಮಣಿ ಎಣಿಸಿ ಜಪ ಮಾಡುತ್ತಾರೆ, ನಾನು ಬೆರಳಿನಿಂದ ಹೊದಿಕೆಯ ಮೇಲೆ ಐದು ಸಲ ಸರಿಸುತ್ತೇನೆ. ದೇವರಿಗೆ ಲೆಕ್ಕ ಬೇಕಿಲ್ಲ, ನನಗೆ ಬೇಕು. ಬೆರಳು ಆಡುತ್ತಿದ್ದರೆ ಮನಸ್ಸು ಕೂತ ಕಡೆ ಕೂರುತ್ತದೆ.

ಸುಸ್ತಾಯಿತು. ನಾಳೆ ಮುಂದುವರಿಸುತ್ತೇನೆ.

ಬುಧವಾರ, ಬೆಳಿಗ್ಗೆ

ನಾಳೆ ಎಂದದ್ದು ನಾಡಿದ್ದಾಯಿತು. ನಿನ್ನೆ ನರ್ಸಮ್ಮ ಬರುವ ದಿನ. ಮಂಗಳವಾರ, ಶನಿವಾರ ಬರುತ್ತಾಳೆ, ಮೈ ಒರೆಸುತ್ತಾಳೆ, ಬಿ.ಪಿ. ನೋಡುತ್ತಾಳೆ, ಕಪಾಟಿನ ಮೇಲಿನ ಡಬ್ಬಿಯನ್ನು ಒಮ್ಮೆ, ನನ್ನನ್ನೊಮ್ಮೆ ನೋಡಿ ನಿಟ್ಟುಸಿರು ಬಿಡುತ್ತಾಳೆ. ನೋವಿನ ಮಾತ್ರೆಯ ಡಬ್ಬಿ ಅದು. ಡಾಕ್ಟರಮ್ಮ ಬರೆದುಕೊಟ್ಟು ಇಪ್ಪತ್ತೆರಡು ದಿನವಾಯಿತು, ಸೀಲು ಒಡೆದಿಲ್ಲ.

ಅದಕ್ಕೇ ನಿನ್ನ ಕಾಗದದ ತುಂಬ ಬೈಗುಳ. ಸಂತಳಾಗಲು ಹೊರಟಿದ್ದೀಯಾ ಎಂದು ಕೇಳಿದ್ದೀಯ. ಮತ್ತೆ ಚಟ ಹತ್ತೀತೆಂದು ಭಯವಾದರೆ ಡಬ್ಬಿಗೆ ಬೀಗ ಹಾಕಿ ಕೀಲಿ ನಾನಿಟ್ಟುಕೊಳ್ಳುತ್ತೇನೆ, ಬೆಳಿಗ್ಗೆ ಒಂದು ಸಂಜೆ ಒಂದು ನಾನೇ ಬಾಯಿಗೆ ಹಾಕುತ್ತೇನೆ, ಅಮ್ಮ ಪಟ್ಟ ಪಾಡು ನೀನು ಪಡಬೇಡ ಎಂದಿದ್ದೀಯ. ಡಾಕ್ಟರಮ್ಮನೂ ಅದನ್ನೇ ಹೇಳಿದಳು. ಚಟಕ್ಕೆ ತೆಗೆದುಕೊಳ್ಳುವುದು ಬೇರೆ, ನೋವಿಗೆ ತೆಗೆದುಕೊಳ್ಳುವುದು ಬೇರೆ, ಇನ್ನು ಈ ಹೊತ್ತಿನಲ್ಲಿ ಆ ಹೆದರಿಕೆ ಇಟ್ಟುಕೊಳ್ಳಬೇಡಿ ಎಂದಳು. ನಿಮ್ಮಿಬ್ಬರ ಮಾತೂ ಸರಿ. ನನಗೆ ಚಟದ ಭಯವಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಚಟ ಬಿಟ್ಟು ಹದಿನೈದು ವರ್ಷ. ನಿನಗೆ ಗೊತ್ತಿರುವ ಕಥೆಯೇ, ಆದರೂ ಬರೆಯಬೇಕೆನಿಸುತ್ತಿದೆ. ಒಬ್ಬರು ಎಣಿಸಿದ ಮಾತ್ರೆಯನ್ನು ಇನ್ನೊಬ್ಬರು ಮತ್ತೆ ಎಣಿಸಬೇಕು ಎಂಬುದು ಅಂಗಡಿಯ ನಿಯಮ. ನಾನು ಎಣಿಸಿದ್ದನ್ನು ಮಾತ್ರ ಯಾರೂ ಮತ್ತೆ ಎಣಿಸುತ್ತಿರಲಿಲ್ಲ. ಗುಳಿಗೆ ಅಕ್ಕ ಎಣಿಸಿದ ಮೇಲೆ ಮುಗಿಯಿತು ಎನ್ನುತ್ತಿದ್ದರು. ಆ ನಂಬಿಕೆಯೇ ನನಗೆ ಮುಳುವಾಯಿತು. ನೋವಿನ ಮಾತ್ರೆಯ ಮೂವತ್ತರ ಪೊಟ್ಟಣದಲ್ಲಿ ಇಪ್ಪತ್ತೆಂಟು ಹೋಗುತ್ತಿತ್ತು, ಎರಡು ನನ್ನ ರವಿಕೆಯ ತೋಳಿನ ಮಡಿಕೆಯೊಳಗೆ. ಯಾವ ರೋಗಿ ಮನೆಗೆ ಹೋಗಿ ಎಣಿಸುತ್ತಾನೆ?

ಅಂಗಡಿಯ ಯಜಮಾನರು ಒಂದು ಮಧ್ಯಾಹ್ನ ನನ್ನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ನಾನು ಕಟ್ಟಿಟ್ಟ ಪೊಟ್ಟಣ ಬಿಚ್ಚಿ ಎಣಿಸಿದರು. ಇಪ್ಪತ್ತೆಂಟು. ಇನ್ನೊಂದು ಬಿಚ್ಚಿದರು. ಇಪ್ಪತ್ತೆಂಟು. ಬೈಯಲಿಲ್ಲ. "ತೋಳು ಬಿಚ್ಚಮ್ಮ" ಅಂದರು. ಮಡಿಕೆ ಬಿಚ್ಚಿದೆ, ತಟ್ಟೆಯ ಮೇಲೆ ನಾಲ್ಕು ಮಾತ್ರೆ ಉದುರಿದವು. ಪೊಲೀಸರನ್ನು ಕರೆಯುತ್ತಾರೆಂದುಕೊಂಡೆ. ಅವರು ಅಂಗಡಿಯ ಬಾಗಿಲು ಎಳೆದು, ನನ್ನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಚಟ ಬಿಡಿಸುವ ಆ ಹಳದಿ ಗೋಡೆಯ ಮನೆಗೆ ಕರೆದುಕೊಂಡು ಹೋದರು. ಮೂರು ತಿಂಗಳು ಕಳೆದ ಮೇಲೆ ಕೆಲಸವನ್ನೂ ವಾಪಸು ಕೊಟ್ಟರು. ಎರಡು ವರ್ಷ ಬರೀ ಚೀಟಿ ಅಂಟಿಸುವ ಕೆಲಸ. ಆಮೇಲೆ ಅಲಗು ಕೈಗೆ ಕೊಟ್ಟರು, ಆದರೆ ತೀರಿಕೊಳ್ಳುವವರೆಗೂ ನಾನು ಎಣಿಸಿದ್ದನ್ನು ತಾವೇ ಮತ್ತೆ ಎಣಿಸುತ್ತಿದ್ದರು. ಅವಮಾನವಾಗುವುದಿಲ್ಲವೇ ಎಂದು ಜೊತೆಯವರು ಕೇಳಿದ್ದಾರೆ. ಪಾಪಚ್ಚಿ, ಆ ಮನುಷ್ಯ ಎಣಿಸುವಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತಿತ್ತು. ಅಷ್ಟು ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ.

ಹಾಗೆಂದರೆ ನಿನಗೆ ಹೊಟ್ಟೆ ಉರಿಯುತ್ತದೆ. ನೀನೇನು ಕಡಿಮೆಯವಳೇ? ಹದಿಮೂರು ಭಾನುವಾರ ಎರಡು ಬಸ್ಸು ಬದಲಾಯಿಸಿ ಬಂದು ಆ ಅಂಗಳದ ಬೆಂಚಿನ ಮೇಲೆ ಕೂರುತ್ತಿದ್ದೆ. ಮೊದಲ ನಾಲ್ಕು ಭಾನುವಾರ ನಾನು ಮುಖವನ್ನೇ ತೋರಿಸಲಿಲ್ಲ. ನೀನು ಸ್ವೆಟರ್ ಹೆಣೆಯುತ್ತ ಕೂತಿದ್ದು ಸಂಜೆ ಎದ್ದು ಹೋಗುತ್ತಿದ್ದೆ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಸ್ವೆಟರ್ ಎಷ್ಟು ಕೆಟ್ಟದಾಗಿತ್ತೆಂದರೆ ಅದನ್ನು ಹಾಕಿಕೊಳ್ಳಬೇಕಾಗುತ್ತದೆ ಎಂಬ ಭಯಕ್ಕೇ ಆ ನಾಲ್ಕರಲ್ಲಿ ಎರಡು ವಾರ ಹೊರಗೆ ಬರಲಿಲ್ಲವೇನೋ. ಈ ಸೆಕೆಯಲ್ಲೂ ನನಗೆ ಚಳಿ, ಈಗ ಅದೇ ನನ್ನ ಮೈಮೇಲಿದೆ. ಒಂದು ತೋಳು ಇನ್ನೂ ಉದ್ದವೇ.

ಆ ಮನೆಯ ಪಕ್ಕದಲ್ಲೇ ಪ್ರಾರ್ಥನಾ ಮಂದಿರ. ಮೈಯೆಲ್ಲ ಮುರಿದು ಹಾಕಿದ ಹಾಗೆ ನಡುಗುತ್ತ ಮಲಗಿದ್ದಾಗ ಗೋಡೆಯಾಚೆಯಿಂದ ಹಾಡು ಕೇಳುತ್ತಿತ್ತು, ಜೊತೆಗೆ ಎಲ್ಲರಿಗಿಂತ ಜೋರಾಗಿ ಒಂದು ಗಂಡಸಿನ ಒಡಕು ದನಿ. ಇಂಥ ದನಿಯನ್ನೇ ಸಹಿಸಿಕೊಳ್ಳುವ ದೇವರು ನನ್ನನ್ನೂ ಸಹಿಸಿಕೊಂಡಾನು ಎನಿಸಿತು. ಬಿಡುಗಡೆಯಾದ ಮರುದಿನವೇ ಅಲ್ಲಿಗೆ ಹೋದೆ. ಒಡಕು ದನಿಯವರು ನಮ್ಮ ಹಾಡಿನಜ್ಜ. ಮೊದಲು ಬಸ್ ಕಂಡಕ್ಟರ್ ಆಗಿದ್ದವರು, ಪ್ರಾರ್ಥನೆಗೆ ಜನ ಜಾಸ್ತಿಯಾದರೆ ಕಣ್ಣು ಮುಚ್ಚಿಕೊಂಡೇ "ಮುಂದಕ್ಕೆ ಹೋಗಿ, ಒಳಗೆ ಜಾಗ ಇದೆ" ಎನ್ನುತ್ತಾರೆ. ದೀಪದ ಗಾಜುಗಳನ್ನು ಒರೆಸುವ ಕೆಲಸ ನನಗೆ ಸಿಕ್ಕಿತು. ಹನ್ನೆರಡು ಗಾಜು, ದಿನಾ ಬೆಳಿಗ್ಗೆ, ಹದಿನೈದು ವರ್ಷ. ಇದಕ್ಕಿಂತ ಹೆಚ್ಚಿನ ಭಕ್ತಿ ನನಗೆ ಬರುವುದಿಲ್ಲ. ಆದರೆ ಒರೆಸಿದ ಗಾಜನ್ನು ಬೆಳಕಿಗೆ ಹಿಡಿದಾಗ ಆಗುವ ಸಂತೋಷವಿದೆಯಲ್ಲ, ಅದರ ಮುಂದೆ ಆ ಮಾತ್ರೆಯ ಅಮಲು ಏನೇನೂ ಅಲ್ಲ. ಈಗ ಗಾಜುಗಳು ಬುಟ್ಟಿಯಲ್ಲಿ ಇಲ್ಲಿಗೇ ಬರುತ್ತವೆ. ಕೂತಲ್ಲೇ ಆರು ಒರೆಸುತ್ತೇನೆ, ಮಿಕ್ಕ ಆರನ್ನು ಇಸ್ತ್ರಿಯವಳು ಒರೆಸುತ್ತಾಳೆ. ಅವಳು ಒರೆಸಿದ್ದನ್ನು ನಾನು ಗುಟ್ಟಾಗಿ ಇನ್ನೊಮ್ಮೆ ಒರೆಸುತ್ತೇನೆ.

ಬರೆಯಬೇಕಾದ್ದರ ಹತ್ತಿರ ಬಂದೆ. ನಾನು ಮಾತ್ರೆ ಮುಟ್ಟುತ್ತಿಲ್ಲ ಎಂಬುದು ಮಂದಿರದಲ್ಲೆಲ್ಲ ಗೊತ್ತಾಗಿಬಿಟ್ಟಿದೆ. ನೋಡಲು ಬಂದವರು ಕೈ ಮುಗಿಯುತ್ತಾರೆ. ಎಂಥ ನಿಷ್ಠೆ, ಎಂಥ ಭಕ್ತಿ, ನೋವನ್ನೆಲ್ಲ ದೇವರ ಪಾದಕ್ಕೆ ಹಾಕಿಬಿಟ್ಟಿದ್ದಾಳೆ ಎಂದು ನನ್ನ ಎದುರಿಗೇ ಹೇಳುತ್ತಾರೆ. ನಾನು ಗೋಡೆಯ ಕಡೆಗೆ ತಿರುಗಿ ಮಲಗುತ್ತೇನೆ. ಅದನ್ನೂ ವಿನಯ ಎಂದುಕೊಳ್ಳುತ್ತಾರೆ, ಏನು ಮಾಡಲಿ.

ನಿನ್ನೆ ಸಂಜೆ ಹಾಡಿನಜ್ಜ ಬಂದರು. ಎಂಬತ್ತೊಂದು ವರ್ಷದವರು, ಮೆಟ್ಟಿಲು ಹತ್ತಿ ಬಂದು ಐದು ನಿಮಿಷ ಏದುಸಿರು ಬಿಟ್ಟರು. ಚಹಾ ಬೇಡವೆಂದರು. ನಾನು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದೆ, ನೋವು ಬಂತು, ಹಲ್ಲು ಕಚ್ಚಿ ಬೆರಳಿನಿಂದ ಐದೈದು ಸರಿಸುತ್ತ ಕೂತೆ. ಅವರು ಸುಮ್ಮನೆ ನೋಡಿದರು, ಕೈ ಮುಗಿಯಲಿಲ್ಲ. ನೋವು ಇಳಿದ ಮೇಲೆ ಕೇಳಿದರು:

"ಇದನ್ನ ದೇವ್ರು ಕೇಳಿದ್ನಾ, ನೀನೇ ಕೊಡ್ತಾ ಇದ್ದೀಯಾ?"

ನಾನೇ ಕೊಡುತ್ತಿದ್ದೇನೆ ಎಂದೆ.

"ಯಾರ ಬಾಕಿ ಇದು?"

ನಾನು ಹೊದಿಕೆಯ ಸುಕ್ಕು ಸರಿಮಾಡತೊಡಗಿದೆ. ಅವರು ಕಿಟಕಿಯಾಚೆ ಕ್ಷೌರದಂಗಡಿಯನ್ನು ನೋಡಿದರು. ಆಮೇಲೆ, ನಲವತ್ತು ವರ್ಷ ಟಿಕೆಟ್ ಹರಿದವನು ನಾನು, ಟಿಕೆಟ್ ಇಲ್ಲದವನ ಮುಖ ನನಗೆ ಗೊತ್ತಾಗುತ್ತೆ, ಭಕ್ತಿಯ ಮುಖ ಹೀಗಿರುವುದಿಲ್ಲ ಎಂದರು. ಹೇಳಿಬಿಡಲು ಹೊರಟೆ. ಕೈ ಅಡ್ಡ ಹಿಡಿದರು.

"ನಂಗ್ಯಾಕೆ ಹೇಳ್ತೀಯಾ? ಹೇಳ್ಬೇಕಾದೋರಿಗೆ ಹೇಳು."

ಎದ್ದು ಹೋಗುವಾಗ ನನ್ನ ತಲೆ ಸವರಿದರು. ಬಾಗಿಲಲ್ಲಿ ನಿಂತು, ಈ ಭಾನುವಾರ ಹಾಡಿಗೆ ನನ್ನ ದನಿ ಇಲ್ಲದೆ ತಮ್ಮ ದನಿ ಚೆನ್ನಾಗಿ ಕೇಳಿಸಿತು ಎಂದು ಹೇಳಿ ಇಳಿದರು. ಮನುಷ್ಯನಿಗೆ ಆ ವಯಸ್ಸಿನಲ್ಲೂ ಜಂಬ.

ಶುಕ್ರವಾರ

ನಿನ್ನೆ ಇಡೀ ದಿನ ಬರೆಯಲಿಲ್ಲ. ಇವತ್ತು ಮುಗಿಸಿಯೇ ಬಿಡುತ್ತೇನೆ. ಕ್ಷೌರದವನು ಮಧ್ಯಾಹ್ನ ಅಂಚೆ ಕಚೇರಿಯ ಕಡೆಗೆ ಹೋಗುವವನಿದ್ದಾನೆ.

ನಿನ್ನ ಕಾಗದದ ಕೊನೆಯ ಪುಟವನ್ನು ಮತ್ತೆ ಓದಿದೆ. ಹದಿನೆಂಟು ವರ್ಷವಾದರೂ ಅಮ್ಮನನ್ನು ಬೈದದ್ದನ್ನು ನೀನು ಮರೆತಿಲ್ಲ. "ಈಗಷ್ಟೇ ಮಾತ್ರೆ ತಗೊಂಡಿದ್ದೀಯಲ್ಲಮ್ಮ, ಇನ್ನೂ ಎಷ್ಟು ನರಳ್ತೀಯಾ, ಸ್ವಲ್ಪ ತಡ್ಕೋಬಾರ್ದಾ" ಎಂದೆಯಂತೆ. ಅವಳು ಸೆರಗು ಬಾಯಿಗೆ ತುರುಕಿಕೊಂಡಳಂತೆ. ವರ್ಷಕ್ಕೊಂದು ಸಲವಾದರೂ ಇದನ್ನು ಬರೆಯುತ್ತೀಯ, ನಾನು ಬಿಟ್ಟುಬಿಡು ಎಂದು ಬರೆಯುತ್ತೇನೆ, ನೀನು ಬಿಡುವುದಿಲ್ಲ. ಅದರ ಕೆಳಗೇ ಅಮ್ಮನ ಸಿಹಿ ಮಾತ್ರೆಯ ತಮಾಷೆಯನ್ನೂ ಬರೆದಿದ್ದೀಯ. ನುಂಗಲಾಗದೆ ಚಮಚದ ನೀರಿನಲ್ಲಿ ಕರಗಿಸಿ ಕೊಡುತ್ತಿದ್ದೆವಲ್ಲ, ಒಂದೊಂದು ದಿನ ಅಮ್ಮ ತುಟಿ ಚಪ್ಪರಿಸಿ "ಇವತ್ತಿಂದು ಸಿಹಿ ಇದೆ ಕಣ್ರೇ" ಎನ್ನುತ್ತಿದ್ದಳು. ಪಾಪ, ಕೊನೆಗಾಲಕ್ಕೆ ನಾಲಿಗೆಯ ರುಚಿಯೂ ಕೆಟ್ಟಿತ್ತು ಎಂದು ನಾವು ಮೊಮ್ಮಕ್ಕಳಿಗೂ ಹೇಳಿ ನಗುತ್ತೇವೆ.

ಇನ್ನೊಂದು ಮಾತು. ಅಮ್ಮ ಹೋದ ದುಃಖಕ್ಕೆ ಅಕ್ಕ ಮಾತ್ರೆಗೆ ಬಿದ್ದಳು ಎಂದು ನೀನು ಎಲ್ಲರಿಗೂ ಹೇಳಿ ನನ್ನ ಮಾನ ಉಳಿಸಿದೆ. ಹಳದಿ ಗೋಡೆಯ ಮನೆಯಲ್ಲೂ ನಾನು ಅದನ್ನೇ ಹೇಳಿಕೊಂಡೆ. ಕೇಳಿದವರೆಲ್ಲ ಕಣ್ಣೀರು ಹಾಕಿದ್ದರು.

ಇನ್ನು ಸಣ್ಣ ಪುಟ್ಟ ವಿಷಯ. ಅಮ್ಮನ ಹೊಲಿಗೆ ಯಂತ್ರ ನಿನಗೆ. ನೀನು ಅದರಲ್ಲಿ ಏನೂ ಹೊಲಿಯುವುದಿಲ್ಲ ಎಂದು ಗೊತ್ತು, ಆದರೂ ನಿನಗೇ. ಎಣಿಸುವ ತಟ್ಟೆ ಮತ್ತು ಅಲಗು ಇಸ್ತ್ರಿಯವಳ ಮಗಳಿಗೆ ಕೊಟ್ಟಾಯಿತು, ಅವಳು ಅದರಲ್ಲಿ ಗುಂಡಿ ಎಣಿಸುತ್ತಾಳೆ. ದೇಹವನ್ನು ಹೇಗೆ ಕಳಿಸಬೇಕು ಎಂಬುದನ್ನು ಹಾಡಿನಜ್ಜನಿಗೆ ಹೇಳಿದ್ದೇನೆ, ಒಂದೇ ಹಾಡು, ಅದನ್ನು ಅವರು ಹಾಡಬಾರದು ಎಂದೂ ಹೇಳಿದ್ದೇನೆ.

ನನಗೆ ಸಾಯಲು ಬೇಸರವಿಲ್ಲ ಪಾಪಚ್ಚಿ. ಇದು ಬಾಯಿ ಮಾತಲ್ಲ. ಬೆಳಿಗ್ಗೆ ಎದ್ದರೆ ಬೆಳಕು, ಗಾಜು, ಟವೆಲ್ ಬೀಸುವವನು. ಹದಿನೈದು ವರ್ಷದ ಹಿಂದೆಯೇ ಯಾವುದೋ ಕಕ್ಕಸಿನ ನೆಲದ ಮೇಲೆ ಸಾಯಬೇಕಿದ್ದವಳು ನಾನು. ಅಲ್ಲಿಂದೀಚೆಗೆ ಸಿಕ್ಕಿದ್ದೆಲ್ಲ ದೇವರು ಕೊಟ್ಟದ್ದು. ಕೊಟ್ಟವನು ಬಾ ಎಂದರೆ ಹೋಗುವುದೇ.

ನೀನೂ ಮೇಷ್ಟ್ರೂ ನೂರು ವರ್ಷ ಜಗಳವಾಡಿಕೊಂಡು ಬಾಳಿ. ಮಕ್ಕಳು ಮೊಮ್ಮಕ್ಕಳಿಗೆಲ್ಲ ದೊಡ್ಡಮ್ಮನ, ದೊಡ್ಡಜ್ಜಿಯ ಮುತ್ತು. ದೇವರು ನಿನ್ನ ಮನೆಯ ದೀಪದ ಗಾಜನ್ನು ಯಾವಾಗಲೂ ಚೊಕ್ಕವಾಗಿಟ್ಟಿರಲಿ.

ನಿನ್ನ
ಅಕ್ಕ

ತಾಜಾಕಲಂ: ಶನಿವಾರ, ಮಧ್ಯಾಹ್ನ

ಲಕೋಟೆ ಅಂಟಿಸಿ ಕ್ಷೌರದವನ ಕೈಗೆ ಕೊಟ್ಟಿದ್ದೆ. ಅವನು ರಸ್ತೆ ದಾಟುವಷ್ಟರಲ್ಲಿ ಕಿಟಕಿಯಿಂದ ಕೂಗಿ ವಾಪಸು ತರಿಸಿಕೊಂಡೆ. ಅವನು ಮೆಟ್ಟಿಲು ಹತ್ತಿ ಬಂದು, ಯಾಕಮ್ಮ, ಸ್ಟಾಂಪ್ ಹಚ್ಚುವುದನ್ನು ಮರೆತಿರಾ ಎಂದು ಕೇಳಿದ. ಮುಖ್ಯವಾದದ್ದನ್ನೇ ಮರೆತಿದ್ದೆ ಎಂದೆ. ಐದು ದಿನ, ಇಷ್ಟೊಂದು ಪುಟ, ನೋಡು, ಇನ್ನೂ ಬರೆದಿರಲಿಲ್ಲ.

ಅಮ್ಮನ ನಾಲಿಗೆ ಕೆಟ್ಟಿರಲಿಲ್ಲ.

ನಾನು ಚಟಕ್ಕೆ ಬಿದ್ದದ್ದು ಅಮ್ಮ ಸತ್ತ ಮೇಲೆ ಅಲ್ಲ. ಅವಳು ಹಾಸಿಗೆ ಹಿಡಿಯುವ ಎರಡು ವರ್ಷ ಮೊದಲೇ, ಒಂದು ಹಲ್ಲು ಕೀಳಿಸಿದಾಗ ಕೊಟ್ಟ ನೋವಿನ ಮಾತ್ರೆಯಿಂದ. ಅಮ್ಮನ ಬೆನ್ನುಮೂಳೆಗೆ ಕಾಯಿಲೆ ಇಳಿದು ಡಾಕ್ಟರು ಆ ಬಿಳಿ ಮಾತ್ರೆ ಬರೆದುಕೊಟ್ಟಾಗ ನನಗೆ ದುಃಖದ ಜೊತೆ ಸಮಾಧಾನವೂ ಆಯಿತು, ಇನ್ನು ಅಂಗಡಿಯಲ್ಲಿ ಕದಿಯಬೇಕಿಲ್ಲ ಎಂದು. ಮಕ್ಕಳ ಎಲುಬು ಗಟ್ಟಿಯಾಗಲೆಂದು ಚೀಪಲು ಕೊಡುವ ಮಾತ್ರೆಯೊಂದಿದೆ, ಅಷ್ಟೇ ಅಗಲ, ಅಷ್ಟೇ ಬಿಳಿ, ನಡುವೆ ಅದೇ ಗೆರೆ. ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ನಮ್ಮ ಕಸುಬಿನವರಿಗೆ, ಮತ್ತೆ ಬಾಯಿಗೆ ಹಾಕಿಕೊಂಡವರಿಗೆ. ಒಂದು ಕಹಿ, ಇನ್ನೊಂದು ಸಿಹಿ. ದಿನಕ್ಕೆ ನಾಲ್ಕರಲ್ಲಿ ಎರಡನ್ನು ಬದಲಾಯಿಸುತ್ತಿದ್ದೆ. ಕೊನೆಯ ತಿಂಗಳು ಮೂರನ್ನು.

ನೀನು ಅವಳನ್ನು ಬೈದ ದಿನ ಅವಳ ಹೊಟ್ಟೆಯಲ್ಲಿದ್ದದ್ದು ಸಕ್ಕರೆ ಮತ್ತು ಸುಣ್ಣ. ಮಾತ್ರೆ ಕೊಟ್ಟಾಯಿತು ಎಂದು ನಾನು ಹೇಳಿದ್ದನ್ನು ನಂಬಿ ನೀನು ಬೈದೆ. ಹದಿನೆಂಟು ವರ್ಷ ನೀನು ಹೊತ್ತದ್ದು ನನ್ನ ಪಾಪ. ಅದನ್ನು ಇವತ್ತು ನನಗೆ ವಾಪಸು ಕೊಟ್ಟುಬಿಡು. ಅದರಲ್ಲಿ ನಿನ್ನದು ಒಂದು ಚೂರೂ ಇಲ್ಲ.

ಅವಳಿಗೆ ಗೊತ್ತಾಗಿತ್ತೋ ಏನೋ. ಒಂದು ದಿನ ಚಮಚ ಬಾಯಿಗಿಟ್ಟಾಗ ರುಚಿ ನೋಡಿದಳು, ಸಿಹಿ ಎನ್ನಲಿಲ್ಲ. ನೀನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನನ್ನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದಳು, "ನಿಂಗೂ ಎಲ್ಲಾದ್ರೂ ನೋವಿದ್ಯಾ ಮಗಾ?" ಇಲ್ಲ ಎಂದೆ. ಅವಳು ಚಮಚದಲ್ಲಿದ್ದುದನ್ನು ಪೂರ್ತಿ ಕುಡಿದಳು.

ಈ ಇಪ್ಪತ್ತೈದು ದಿನ ನಾನು ಮಾತ್ರೆ ಮುಟ್ಟದೆ ಇದ್ದದ್ದು ಅದಕ್ಕೆ. ಅವಳ ನೋವನ್ನು ನಾನೂ ಪಟ್ಟು ತೀರಿಸುತ್ತೇನೆ ಎಂದುಕೊಂಡಿದ್ದೆ. ನಾನು ಎಷ್ಟು ನರಳಿದರೂ ಅಮ್ಮನ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ ಎಂಬುದು ಅಜ್ಜ ಎದ್ದು ಹೋದ ಮೇಲೆ ಹೊಳೆಯಿತು. ಭಕ್ತಿಯ ಹೆಸರಿನಲ್ಲಿ ಇದೂ ಒಂದು ಬಚ್ಚಿಡುವ ಕೆಲಸವೇ ಆಗಿತ್ತು. ದೇವರಿಗೆ ಹೇಳಿ ಹದಿನೈದು ವರ್ಷವಾಯಿತು, ಅವನು ಕೇಳಿಸಿಕೊಂಡ. ನಿನಗೆ ಹೇಳುವುದೇ ಉಳಿದಿತ್ತು.

ಬರುವುದು ಬಿಡುವುದು ನಿನ್ನ ಇಷ್ಟ. ನನ್ನ ನೋವನ್ನು ನೆನೆದು ಬರಬೇಡ, ಅದಕ್ಕೇ ಈ ಕಾಗದ ನಿನ್ನ ಕೈ ಸೇರುವ ಮೊದಲೇ ಸೀಲು ಒಡೆಸಿದ್ದೇನೆ. ಒಂದು ವೇಳೆ ಬಂದರೆ ಡಬ್ಬಿ ನಿನ್ನ ಹತ್ತಿರ ಇಟ್ಟುಕೋ. ದಿನಾ ನನ್ನ ಮುಂದೆಯೇ ಸುರಿದು ಎಣಿಸು. ನಾನು ಎಷ್ಟು ಬೇಡವೆಂದರೂ ಇನ್ನೊಮ್ಮೆ ಎಣಿಸು.

ಬೆಳಿಗ್ಗೆ ನರ್ಸಮ್ಮನೇ ಕೊಟ್ಟಳು. ನುಂಗುವ ಶಕ್ತಿ ನನಗಿನ್ನೂ ಇದೆ, ಆದರೂ ಚಮಚದ ನೀರಿನಲ್ಲಿ ಕರಗಿಸಿ ಕೊಡು ಎಂದೆ. ಕಹಿ ಇತ್ತು ಪಾಪಚ್ಚಿ, ಗಂಟಲಿನವರೆಗೂ ಕಹಿ. ಅರ್ಧ ಗಂಟೆಗೆ ನೋವು ಇಳಿಯಿತು.

ಅಮ್ಮನಿಗೂ ಅರ್ಧ ಗಂಟೆ ಸಾಕಾಗುತ್ತಿತ್ತು.